ಸುರಂಗದ ಬಾಯಿಯಲ್ಲೊಂದು ಹಿಡಿ ಸ್ಫ್ಯಾಗ್ನಮ್

ಜಂಬುನೇರಳೆಯ ಗೆಲ್ಲಿಗೆ ಗೂಟಿ ಕಟ್ಟುವುದನ್ನು, ಅಂದರೆ ಗೆಲ್ಲು ಮರದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದನ್ನು, ನನಗೆ ಕಲಿಸಿದವರು ಸೋದರಮಾವ. ಪೆನ್ಸಿಲಿನಷ್ಟು ದಪ್ಪದ ಗೆಲ್ಲು ಹುಡುಕಬೇಕು, ಒಂದಿಂಚು ಉದ್ದಕ್ಕೆ ಉಂಗುರದ ಹಾಗೆ ತೊಗಟೆ ಬಿಡಿಸಬೇಕು, ಲೋಳೆಯನ್ನು ಚಾಕುವಿನ ಬೆನ್ನಿನಿಂದ ಕೆರೆದು ತೆಗೆಯಬೇಕು, ಮೇಲೆ ಒದ್ದೆ ಪಾಚಿಯ ಮುದ್ದೆ ಇಟ್ಟು ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ಬಿಗಿಯಬೇಕು. ಪಾಚಿಗೆ ಆಗ ದುಡ್ಡು ಕೊಡುವ ಮಾತೇ ಇರಲಿಲ್ಲ. ಆಟಿ ತಿಂಗಳ ಮಳೆಗೆ ನಮ್ಮ ಅಗಳಿನ, ಅಂದರೆ ಕಂದಕದ, ಮುರಕಲ್ಲು ಗೋಡೆಯಲ್ಲಿ ಬೆರಳು ಹೂತುಹೋಗುವಷ್ಟು ಪಾಚಿ ಬೆಳೆಯುತ್ತಿತ್ತು. ಮಾವ ಅದನ್ನು ಕತ್ತಿಯ ತುದಿಯಿಂದ ಎಬ್ಬಿಸಿ ಹೆಡಿಗೆಗೆ ಹಾಕುತ್ತಿದ್ದರು.

2009ರಲ್ಲಿ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಗುಡ್ಡೆಯ ಬದಿಯಲ್ಲಿ ಸಣ್ಣ ನರ್ಸರಿ ಶುರುಮಾಡಿದಾಗ ಈ ಹೆಡಿಗೆಯ ಲೆಕ್ಕ ಸಾಲಲಿಲ್ಲ. ಗೂಟಿ, ಪೊದೆ ಕಾಳುಮೆಣಸು, ಆಂಥೂರಿಯಂ, ಸ್ವಲ್ಪ ಆರ್ಕಿಡ್. ಎರಡು ವರ್ಷ ಅಗಳಿನ ಗೋಡೆಯನ್ನು ಕೆರೆದೆ. ಮೂರನೆಯ ವರ್ಷ ಕೆರೆಯಲು ಏನೂ ಉಳಿದಿರಲಿಲ್ಲ. ಬೋಳಾದ ಗೋಡೆಯಿಂದ ಮಣ್ಣು ಕರಗಿ ಕೆಳಗೆ ಬೀಳುತ್ತಿತ್ತು. ಕಲ್ಲಿನ ಸಂದಿಯಲ್ಲಿದ್ದ ಸಣ್ಣ ಜರೀಗಿಡಗಳೂ ಪಾಚಿಯ ಜೊತೆಗೇ ಹೋಗಿದ್ದವು. ಆಗ ಪೇಟೆಯಿಂದ ಪಾಚಿ ತರಿಸಲು ಶುರುಮಾಡಿದೆ. ಬಿಲ್ಲು ನೋಡಿದ ಮಾವ, "ಎಂತದಾ, ಪಾಚಿಗೂ ದುಡ್ಡು ಕೊಡುದಾ?" ಎಂದು ಕೇಳಿದ್ದು ಈಗಲೂ ಕಿವಿಯಲ್ಲಿದೆ.

ಹೊಸಬರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಅಂಗಡಿಯಲ್ಲಿ ಮಾಸ್ ಎಂಬ ಒಂದೇ ಹೆಸರಿಗೆ ಎರಡು ಸಾಮಾನು ಸಿಗುತ್ತದೆ. ಒಂದು ಸ್ಫ್ಯಾಗ್ನಮ್ ಮಾಸ್: ನ್ಯೂಜಿಲೆಂಡ್, ಚಿಲಿ ಕಡೆಯ ಜೌಗಿನ ಮೇಲ್ಪದರದಿಂದ ಜೀವಂತ ಕೊಯ್ದು ಒಣಗಿಸಿದ ಉದ್ದ ಎಳೆಯ ಪಾಚಿ. ಬಿಳಿ ಕೆನೆಬಣ್ಣ, ಮುಟ್ಟಿದರೆ ಹಗುರ. ಇನ್ನೊಂದು ಪೀಟ್ ಮಾಸ್: ಅದೇ ಜಾತಿಯ ಪಾಚಿ ಸತ್ತು, ನೂರಾರು ಸಾವಿರಾರು ವರ್ಷ ನೀರಿನಡಿ ಒತ್ತಿಹೋಗಿ, ಕೊಳೆಯದೆ ಉಳಿದು ಕಂದು ಹುಡಿಯಾದದ್ದು. ಕೆನಡಾ, ಲಾಟ್ವಿಯಾ, ಎಸ್ಟೋನಿಯಾಗಳಲ್ಲಿ ಜೌಗಿನ ನೀರು ಬಸಿದು ಯಂತ್ರದಲ್ಲಿ ಕೆರೆದು ತೆಗೆಯುತ್ತಾರೆ. ಮೊದಲನೆಯದು ಗೂಟಿಗೆ, ಆರ್ಕಿಡ್‌ಗೆ. ಎರಡನೆಯದು ಟ್ರೇಗೆ, ಕುಂಡಕ್ಕೆ. ಪೀಟ್‌ನ ಪಿಎಚ್ 3.5ರಿಂದ 4.5ರ ಆಸುಪಾಸು, ಹಾಗಾಗಿ ಸುಣ್ಣ ಸೇರಿಸದೆ ಬಳಸಬಾರದು. ಪೂರ್ತಿ ಒಣಗಲೂ ಬಿಡಬಾರದು, ಒಮ್ಮೆ ಒಣಗಿದರೆ ಕೆಸುವಿನ ಎಲೆಯ ಹಾಗೆ ನೀರನ್ನು ಉರುಳಿಸಿಬಿಡುತ್ತದೆ.

ಇನ್ನೂ ಒಂದು: ಸ್ಫ್ಯಾಗ್ನಮ್ ಬಿಡಿಸುವಾಗ ಕೈಗವಸು ಹಾಕಿ. ಅದರಲ್ಲಿ ಇರಬಹುದಾದ ಸ್ಪೊರೊಥ್ರಿಕ್ಸ್ ಎಂಬ ಶಿಲೀಂಧ್ರ ಗೀರಿದ ಗಾಯದೊಳಗೆ ಸೇರಿದರೆ ತೋಳಿನುದ್ದಕ್ಕೂ ಗಂಟು ಏಳುತ್ತದೆ. 1988ರಲ್ಲಿ ಅಮೆರಿಕದ 15 ರಾಜ್ಯಗಳಲ್ಲಿ, ಸಸಿಗಳಿಗೆ ಸುತ್ತಿದ ಈ ಪಾಚಿ ಮುಟ್ಟಿದ 84 ಮಂದಿಗೆ ಹೀಗಾಗಿತ್ತು.

ಆ ಪಾಚಿ ನೀರು ಹಿಡಿಯುವ ಬಗೆಯನ್ನು ಕಂಡೇ ನಾನು ಮರುಳಾದದ್ದು. ಅಡುಗೆಮನೆಯ ತಕ್ಕಡಿಯಲ್ಲಿ 50 ಗ್ರಾಂ ಒಣ ಪಾಚಿ ತೂಗಿ, ಬಾಲ್ದಿಯಲ್ಲಿ ನೆನೆಸಿ, ನೀರು ತೊಟ್ಟಿಕ್ಕುವುದು ನಿಂತ ಮೇಲೆ ಮತ್ತೆ ತೂಗಿದೆ. 830 ಗ್ರಾಂ. ಕೈಯಲ್ಲಿ ಹಿಂಡಿದರೆ ಕೊಟ್ಟಿಗೆಯಲ್ಲಿ ಹಾಲು ಕರೆದ ಹಾಗೆ ಬೆರಳ ಸಂದಿಯಿಂದ ನೀರು ಇಳಿಯುತ್ತದೆ, ಬಿಟ್ಟರೆ ಮತ್ತೆ ಉಬ್ಬಿಕೊಳ್ಳುತ್ತದೆ. ಕಾರಣ ಗೊತ್ತಾದದ್ದು ಮಗಳ ಶಾಲೆಯ ಟೀಚರ್ ಸೂಕ್ಷ್ಮದರ್ಶಕದಲ್ಲಿ ಒಂದು ಎಲೆ ಇಟ್ಟು ತೋರಿಸಿದಾಗ. ಎಲೆಯ ದಪ್ಪ ಒಂದೇ ಒಂದು ಜೀವಕೋಶ. ಅದರಲ್ಲೂ ಹಸಿರು ಜೀವಕೋಶಗಳು ಬಲೆಯ ನೂಲಿನ ಹಾಗೆ ಸಪೂರ. ಬಲೆಯ ಕಣ್ಣುಗಳ ಜಾಗದಲ್ಲಿ ದೊಡ್ಡ ದೊಡ್ಡ ಖಾಲಿ ಕೋಣೆಗಳು, ಸತ್ತವು, ಗಾಜಿನಂಥವು, ಗೋಡೆಗೆ ಅಲ್ಲಲ್ಲಿ ತೂತು. ಒಳಗಿನಿಂದ ಕಟ್ಟು ಕೊಟ್ಟ ಹಾಗೆ ಸುತ್ತಿಕೊಂಡ ಎಳೆಗಳು ಇರುವುದರಿಂದ ಖಾಲಿಯಾದರೂ ಕೋಣೆ ಕುಸಿಯುವುದಿಲ್ಲ. ಪಾಚಿ ತನ್ನ ದೇಹದ ಬಹುಪಾಲನ್ನು ಸಾಯಲು ಬಿಟ್ಟು ನೀರಿನ ಕೊಡಪಾನ ಮಾಡಿಕೊಂಡಿದೆ.

ಬೇರಿಲ್ಲ. ತುದಿ ಬೆಳೆಯುತ್ತಾ ಹೋಗುತ್ತದೆ, ಬುಡ ಸಾಯುತ್ತಾ ಬರುತ್ತದೆ. ನೀರಿನಲ್ಲಿರುವ ಅಷ್ಟಿಷ್ಟು ಸುಣ್ಣ, ಮೆಗ್ನೀಷಿಯಂ ಎಳೆದುಕೊಂಡು ಬದಲಿಗೆ ಆಮ್ಲದ ಅಂಶ ಬಿಡುತ್ತದೆ. ಸುತ್ತಲ ನೀರು ಹುಳಿಯಾಗುತ್ತದೆ. ಹುಳಿ, ತಂಪು, ಗಾಳಿಯಿಲ್ಲದ ನೀರು: ಇದರಲ್ಲಿ ಕೊಳೆಸುವ ಬ್ಯಾಕ್ಟೀರಿಯಾಕ್ಕೆ ಕೆಲಸ ಸಾಗದು. ಮೊದಲನೆಯ ಮಹಾಯುದ್ಧದಲ್ಲಿ ಹತ್ತಿ ಸಾಲದೆ ಬ್ರಿಟನ್ನಿನವರು ಗಾಯಕ್ಕೆ ಕಟ್ಟಿದ್ದು ಇದೇ ಪಾಚಿ. 1918ರ ಹೊತ್ತಿಗೆ ತಿಂಗಳಿಗೆ ಹತ್ತು ಲಕ್ಷ ಪಟ್ಟಿ ಹೋಗುತ್ತಿತ್ತಂತೆ. ನಮ್ಮ ಪಾರೆಯ ಮೇಲೆ ಮಳೆಗಾಲದಲ್ಲಿ ಕಾಣುವ, ಅಂಟು ಹನಿಯಲ್ಲಿ ಹುಳ ಹಿಡಿಯುವ ಡ್ರೊಸೆರಾ ಇದೆಯಲ್ಲ, ಅದರ ಬಂಧುಗಳು ಆ ದೂರದ ಜೌಗಿನಲ್ಲೂ ಇವೆ. ಎರಡು ಕಡೆಯೂ ನೀರು ಬೇಕಾದಷ್ಟು, ನೆಲದಲ್ಲಿ ಸಾರ ಮಾತ್ರ ಇಲ್ಲ.

ಪೀಟ್ ಬಿಡಬೇಕು ಅನಿಸಿದ್ದು ಒಂದು ಅಳತೆಯಿಂದ. ಜೌಗಿನಲ್ಲಿ ಪೀಟ್ ಏರುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಎಂದು ಓದಿದ ದಿನ ಸ್ಕೇಲ್ ತೆಗೆದುಕೊಂಡು ಆಂಥೂರಿಯಂ ಕುಂಡದೊಳಗೆ ಇಳಿಸಿದೆ. 15 ಸೆಂಟಿಮೀಟರ್. ಅಂದರೆ 150 ವರ್ಷ. ನೀರಿಗಾಗಿ ಗುಡ್ಡೆಯೊಳಗೆ ನಮ್ಮ ಸುರಂಗವನ್ನು ಅಜ್ಜ ತೋಡಿಸಿದ್ದಕ್ಕಿಂತ ಎಷ್ಟೋ ಮೊದಲು ಹುಟ್ಟಿದ ಪಾಚಿಯನ್ನು ನಾನು ಒಂದು ಹೂವಿನ ಗಿಡದ ಬುಡಕ್ಕೆ ಹಾಕಿದ್ದೆ. ಅಂಥ ಕುಂಡಗಳು ಸಾಲಾಗಿ ನಾನೂರು ಇದ್ದವು. ಆ ರಾತ್ರಿ ನಿದ್ದೆ ಸರಿ ಬರಲಿಲ್ಲ.

ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಭೂಮಿಯ ನೆಲದಲ್ಲಿ ನೂರಕ್ಕೆ ಮೂರು ಪಾಲು ಮಾತ್ರ ಪೀಟ್ ನೆಲ. ಆದರೆ ಜಗತ್ತಿನ ಎಲ್ಲ ಕಾಡುಗಳ ಮರಗಿಡದಲ್ಲಿರುವುದಕ್ಕಿಂತ ಹೆಚ್ಚು ಇಂಗಾಲ ಅದರಲ್ಲಿದೆ. ಕಾಲುವೆ ತೋಡಿ ನೀರು ಬಸಿದ ಕೂಡಲೇ ಗಾಳಿ ಒಳಹೊಕ್ಕು ಸಾವಿರಾರು ವರ್ಷ ಕೊಳೆಯದ್ದು ಕೊಳೆಯಲು ಶುರುವಾಗುತ್ತದೆ, ಆ ಇಂಗಾಲವೆಲ್ಲ ಹೊಗೆಯಿಲ್ಲದೆಯೇ ಆಕಾಶಕ್ಕೆ ಹೋಗುತ್ತದೆ. ನಮ್ಮ ನೀಲಗಿರಿಯ ಜೌಗುಗಳಲ್ಲೂ ಪೀಟ್ ಇದೆ, ಅಲ್ಲಿಯದು ಹುಲ್ಲು, ಜೊಂಡುಗಳಿಂದ ಆದದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಅದರ ಪದರಗಳನ್ನು ಪರೀಕ್ಷಿಸಿ ದಕ್ಷಿಣ ಭಾರತದಲ್ಲಿ 20,000 ವರ್ಷಗಳಿಂದ ಮಳೆ ಹೆಚ್ಚಿದ್ದು, ಕಡಿಮೆಯಾದದ್ದನ್ನು ಓದಿ ತೋರಿಸಿದರು. ಮಳೆಯ ದಿನಚರಿ ಬರೆದಿಟ್ಟ ಪುಸ್ತಕವನ್ನು ಹರಿದು ಕುಂಡಕ್ಕೆ ತುಂಬುವುದು ಹೇಗೆ?

ಬದಲಿ ಸಾಮಾನು ಕಣ್ಣೆದುರೇ ಇತ್ತು. ತೆಂಗಿನ ಸಿಪ್ಪೆ ಬಡಿದು ನಾರು ತೆಗೆದ ಮೇಲೆ ಉಳಿಯುವ ಹುಡಿ, ಪೇಟೆಯ ಭಾಷೆಯಲ್ಲಿ ಕೊಕೊಪೀಟ್. ಸಿಪ್ಪೆಯ ತೂಕದಲ್ಲಿ ಮೂರನೆಯ ಎರಡು ಪಾಲು ಇದೇ. 2014ರಲ್ಲಿ ಹಿನ್ನೀರಿನ ಬದಿಯ ಒಂದು ಕಡೆಯಿಂದ ಅಗ್ಗಕ್ಕೆ ಒಂದು ಲಾರಿ ತರಿಸಿ, ಹಾಗೆಯೇ ಪ್ಲಾಸ್ಟಿಕ್ ತೊಟ್ಟೆಗೆ ತುಂಬಿ ಮೆಣಸಿನ ಬಳ್ಳಿ ನೆಟ್ಟೆ. ಮೂರು ವಾರದಲ್ಲಿ ಎಲೆಯ ತುದಿ ಸುಟ್ಟ ಹಾಗಾಯಿತು. 2,000 ತೊಟ್ಟೆಯಲ್ಲಿ 600 ಸತ್ತವು. ಉಳಿದವು ಹಳದಿ. ಹುಡಿಯನ್ನು ನಾಲಗೆಯ ತುದಿಗೆ ಇಟ್ಟು ನೋಡಿದೆ: ಉಪ್ಪು. ಸಿಪ್ಪೆಯನ್ನು ಉಪ್ಪುನೀರಿನಲ್ಲಿ ಹೂತಿಟ್ಟು ಕೊಳೆಸಿದ್ದು ಎಂದು ಆಮೇಲೆ ತಿಳಿಯಿತು. ತಂದವನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಹಳದಿಯಾದದ್ದಕ್ಕೆ ಕಾರಣ ಬೇರೆ. ಹಸಿ ಹುಡಿಯಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ ನೂರು ಪಾಲಿಗೂ ಮೇಲೆ. ಕೊಳೆಸುವ ಸೂಕ್ಷ್ಮಜೀವಿಗಳು ತಮ್ಮ ಪಾಲಿಗೆ ಬೇಕಾದ ಸಾರಜನಕವನ್ನು ಗಿಡದ ಬಾಯಿಯಿಂದಲೇ ಕಸಿಯುತ್ತವೆ. ಕಾಸರಗೋಡಿನ ಸಿಪಿಸಿಆರ್‌ಐ, ಅಂದರೆ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ನಮ್ಮ ಊರಿನ ಸಂಸ್ಥೆ, ಕೋಳಿಗೊಬ್ಬರ ಸೇರಿಸಿ ಹುಡಿಯನ್ನು ಗೊಬ್ಬರ ಮಾಡುವ ಕ್ರಮ ರೂಪಿಸಿದೆ. ಅದನ್ನು ಹಿಡಿದ ಮೇಲೆ ನನ್ನ ಕೆಲಸ ದಾರಿಗೆ ಬಂತು.

ಈಗ ನಾನು ಮಾಡುವುದು ಹೀಗೆ. ಮೊದಲು ತೊಳೆಯುವುದು. ನಮ್ಮಲ್ಲಿ ಮಳೆ ಬೇಕಾದಷ್ಟು, ಹಾಗಾಗಿ ಜೂನ್, ಜುಲೈಯಲ್ಲಿ ಹುಡಿಯನ್ನು ಮುರಕಲ್ಲಿನ ಮೇಲೆ ಗೇಣೆತ್ತರ ಹರಡಿ ಬಿಟ್ಟುಬಿಡುತ್ತೇನೆ. ಹರಿದುಹೋಗುವ ನೀರು ಮೊದಲು ಹಾಲು ಹಾಕದ ಚಾಯದ ಹಾಗೆ ಕಡು ಕಂದು. ಅದು ತಿಳಿಯಾಗುವವರೆಗೆ ಕಾಯಬೇಕು. ಕೊಟ್ಟಿಗೆಯೊಳಗೆ ಸೇರಿದ ಮೇಲೆ 100 ಕಿಲೊ ಹುಡಿಗೆ 10 ಕಿಲೊ ಕೋಳಿಗೊಬ್ಬರ, ಅರ್ಧ ಕಿಲೊ ಸುಣ್ಣ, ಅರ್ಧ ಕಿಲೊ ಶಿಲಾರಂಜಕ. ರಾಶಿಯ ಒಳಗೆ ಕೈ ಹಾಕಿದರೆ ಬಿಸಿ ತಾಗಬೇಕು. ತಾಗದಿದ್ದರೆ ನೀರು ಹೆಚ್ಚಾಗಿದೆ ಅಥವಾ ಗೊಬ್ಬರ ಕಡಿಮೆಯಾಗಿದೆ. ಹದಿನೈದು ದಿನಕ್ಕೊಮ್ಮೆ ಮಗುಚಿ, ಎರಡು ತಿಂಗಳಾದರೆ ಕಪ್ಪಾಗಿ ಮಣ್ಣಿನ ಪರಿಮಳ ಬರುತ್ತದೆ. ಇದು ಎರಡು ಪಾಲು, ಕೆಂಪು ಮಣ್ಣು ಒಂದು, ಹಟ್ಟಿಗೊಬ್ಬರ ಒಂದು, ರೋಗ ತಡೆಯುವ ಶಿಲೀಂಧ್ರ ಟ್ರೈಕೊಡರ್ಮಾ ಸ್ವಲ್ಪ: ಮೆಣಸಿನ ತೊಟ್ಟೆಗೆ ಇಷ್ಟೇ.

ಅವಸರಕ್ಕೆ ಕೊಕೊಪೀಟ್ ಇಟ್ಟಿಗೆ ತಂದರೆ, 5 ಕಿಲೊ ಇಟ್ಟಿಗೆಗೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ನೀರಲ್ಲಿ ಕರಗಿಸಿ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ತೊಳೆದು ಬಸಿಯುತ್ತೇನೆ. ಹುಡಿ ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ, ಪೊಟ್ಯಾಸಿಯಂ ಬಿಟ್ಟುಕೊಡುತ್ತದೆ. ಸ್ಫ್ಯಾಗ್ನಮ್ ಸುಣ್ಣ ಹಿಡಿದು ಹುಳಿ ಬಿಡುತ್ತದೆ ಎಂದೆನಲ್ಲ, ಕೊಡುಕೊಳ್ಳುವ ಕ್ರಮ ಅದೇ. ಇದು ಅರ್ಥವಾದ ದಿನ ಬಹಳ ಸಂತೋಷವಾಗಿತ್ತು.

ಗೂಟಿಯೇ ಕಷ್ಟದ್ದು. ಹುಡಿ ಮುದ್ದೆಯಾಗಿ ನಿಲ್ಲುವುದಿಲ್ಲ, ಪ್ಲಾಸ್ಟಿಕ್ ಬಿಗಿಯುವಷ್ಟರಲ್ಲಿ ಜಾರಿ ಒಂದು ಬದಿಗೆ ಇಳಿಯುತ್ತದೆ. ಮೂರು ಪಾಲು ಹುಡಿಗೆ ಒಂದು ಪಾಲು ಬೆರಳುದ್ದದ ನಾರು ಕತ್ತರಿಸಿ ಸೇರಿಸಿ, ಮುಷ್ಟಿಯಲ್ಲಿ ಹಿಂಡಿದರೆ ಎರಡೇ ಹನಿ ಬೀಳುವ ಹದಕ್ಕೆ ಒದ್ದೆ ಮಾಡಿ, ಮೊದಲೇ ಪ್ಲಾಸ್ಟಿಕ್ಕಿನಲ್ಲಿ ಉಂಡೆ ಕಟ್ಟಿಟ್ಟು, ಹೊಟ್ಟೆ ಸೀಳಿ ಗೆಲ್ಲಿಗೆ ಸಿಕ್ಕಿಸಿದರೆ ನಿಲ್ಲುತ್ತದೆ. ಸ್ಫ್ಯಾಗ್ನಮ್‌ನಲ್ಲಿ ಹತ್ತಕ್ಕೆ ಒಂಬತ್ತು ಬೇರು ಬರುತ್ತಿತ್ತು. ಇದರಲ್ಲಿ ಮೊದಲ ವರ್ಷ ಹತ್ತಕ್ಕೆ ಆರು, ಈಗ ಎಂಟು. ಆ ಒಂದು ಗೆಲ್ಲಿನ ನಷ್ಟವನ್ನು ನಾನು ಒಪ್ಪಿಕೊಂಡಿದ್ದೇನೆ. ಅಗಳಿನ ಪಾಚಿಯನ್ನು ಮಾತ್ರ ಮತ್ತೆ ಮುಟ್ಟಲಿಲ್ಲ. ದೂರದ ಜೌಗನ್ನು ಉಳಿಸಲು ಹೊರಟು ನಮ್ಮ ಗೋಡೆಯನ್ನು ಬೋಳಿಸಿದರೆ ಏನು ಬಂತು? ಉತ್ತರಾಖಂಡದ ಕಾಡುಗಳಿಂದ ಮಾಸ್ ಗ್ರಾಸ್ ಎಂಬ ಹೆಸರಲ್ಲಿ ಪಾಚಿ ಗೋಣಿಗಟ್ಟಲೆ ಹೊರಗೆ ಹೋಗಿದೆ. ನರ್ಸರಿಯವರು ಕೊಳ್ಳುವುದರಿಂದಲೇ ಅದು ಹೋಗುವುದು.

2018ರ ಮಳೆಗಾಲದಲ್ಲಿ ಉಳಿದ ಸ್ಫ್ಯಾಗ್ನಮ್ ಒಂದು ಹಿಡಿಯನ್ನು ಮಣ್ಣಿನ ತಟ್ಟೆಯಲ್ಲಿ ನೆನೆಸಿ ಸುರಂಗದ ಬಾಯಿಯಲ್ಲಿ ಮರೆತಿದ್ದೆ. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಆ ನೀರಿನ ದಾರಿಯಿಂದ ಯಾವಾಗಲೂ ತಂಪು ಗಾಳಿ ಬರುತ್ತದೆ. ನೀರು ಸುಣ್ಣವಿಲ್ಲದ ಮೆದು ನೀರು. ಎರಡು ತಿಂಗಳ ಮೇಲೆ ನೋಡಿದರೆ ಒಣ ಎಳೆಗಳ ನಡುವೆ ನಕ್ಷತ್ರದಂಥ ಹಸಿರು ತುದಿಗಳು ಎದ್ದಿದ್ದವು! ಮಾರ್ಚ್ ಬಂದಾಗ ಬೆಳ್ಳಗಾಗಿ ಸತ್ತಂತೆ ಕಾಣುತ್ತದೆ, ಜೂನಿಗೆ ಮತ್ತೆ ಹಸಿರು. ತಟ್ಟೆಯಿಂದ ಹೊರಗೆ ಅದನ್ನು ಬಿಡುವುದಿಲ್ಲ, ಈ ಊರಿನದಲ್ಲದ ಗಿಡವನ್ನು ತೋಡಿಗೆ ಸೇರಿಸುವ ಹಕ್ಕು ನನಗಿಲ್ಲ.

ಕೆನಡಾದಲ್ಲಿ ಕೆರೆದ ಜೌಗನ್ನು ಮತ್ತೆ ಬದುಕಿಸುವುದೂ ಹೀಗೆಯೇ. ಬಸಿಗಾಲುವೆಗಳಿಗೆ ಅಡ್ಡ ಕಟ್ಟಿ ನೀರು ನಿಲ್ಲಿಸಿ, ಜೀವಂತ ಪಾಚಿಯ ತುಂಡುಗಳನ್ನು ಹರಡಿ, ಒಣಹುಲ್ಲು ಮುಚ್ಚುತ್ತಾರೆ. ವರ್ಷವರ್ಷವೂ ತೋಡಿಗೆ ಕಟ್ಟ ಹಾಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಐರ್ಲೆಂಡಿನ ಸರ್ಕಾರಿ ಕಂಪನಿ ಬೋರ್ಡ್ ನಾ ಮೋನಾ ದಶಕಗಟ್ಟಲೆ ಪೀಟ್ ಅಗೆದು, 2021ರ ಜನವರಿಯಲ್ಲಿ ಅದನ್ನು ಪೂರ್ತಿ ನಿಲ್ಲಿಸಿದ್ದಾಗಿ ಘೋಷಿಸಿ ಅದೇ ಜೌಗುಗಳಿಗೆ ನೀರು ತುಂಬಿಸುವ ಕೆಲಸಕ್ಕೆ ಇಳಿದಿದೆ.

ಬೇರು ಕೊಳೆತ ಆರ್ಕಿಡ್ ಬಂದರೆ ಮಾತ್ರ ಈಗಲೂ ಒಂದು ಚಿಟಿಕೆ ಸ್ಫ್ಯಾಗ್ನಮ್ ತೆಗೆಯುತ್ತೇನೆ, ಅದಕ್ಕೆ ಸರಿಸಾಟಿ ನನಗೆ ಸಿಕ್ಕಿಲ್ಲ. ಹಳೆಯ ಪೊಟ್ಟಣದಲ್ಲಿ ಕಾಲು ಭಾಗ ಉಳಿದಿದೆ. ಮುಗಿದ ಮೇಲೆ ತರಿಸುವುದಿಲ್ಲ, ತಟ್ಟೆಯಲ್ಲಿ ಬೆಳೆದಷ್ಟೇ.