ಕರುಳಿನ ಬ್ಯಾಕ್ಟೀರಿಯಾ: 16ಎಸ್ ಸಾಕಾ, ಶಾಟ್‌ಗನ್ ಬೇಕಾ?

16ಎಸ್, ಶಾಟ್‌ಗನ್ ಇವೆರಡೂ ಡಿಎನ್‌ಎ ಓದಿ ಕರುಳಿನ ಬ್ಯಾಕ್ಟೀರಿಯಾಗಳನ್ನು ಗುರುತಿಸುವ ವಿಧಾನಗಳು. ಯಾವುದನ್ನು ಆರಿಸಬೇಕು ಅಂತ ನೋಡಲು ಮೊದಲು ನಿಮ್ಮ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಯಾವ ಬ್ಯಾಕ್ಟೀರಿಯಾ ಇವೆ ಅಂತ ಗೊತ್ತಾದರೆ ಸಾಕಾ, ಅವು ಏನು ಮಾಡಬಲ್ಲವು ಅಂತಲೂ ತಿಳಿಯಬೇಕಾ?

16ಎಸ್ ಅಂದರೆ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ, ಸುಮಾರು 1,500 ಡಿಎನ್‌ಎ ಅಕ್ಷರಗಳ ಒಂದು ಜೀನ್; ಈ ವಿಧಾನದಲ್ಲಿ ಅದೊಂದನ್ನೇ ಓದುತ್ತಾರೆ. ಅದರಲ್ಲಿ ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ಬದಲಾಗುವ 9 ಭಾಗಗಳಿವೆ, ಇಲ್ಯುಮಿನಾ ಮೈಸೀಕ್ ಎಂಬ ಡಿಎನ್‌ಎ ಓದುವ ಯಂತ್ರದಲ್ಲಿ ಹೆಚ್ಚಾಗಿ ಮೂರನೆಯ ಮತ್ತು ನಾಲ್ಕನೆಯ ಭಾಗ (ವಿ3-ವಿ4) ಮಾತ್ರ ಓದುತ್ತಾರೆ. ಖರ್ಚು ಕಡಿಮೆ. ನೂರಾರು ಸ್ಯಾಂಪಲ್ ಇದ್ದರೆ ನಾನು ಇದನ್ನೇ ಆರಿಸುತ್ತೇನೆ. ಆದರೆ ಕುಲದ (ಜೀನಸ್) ಮಟ್ಟ ದಾಟಿ ಪ್ರಭೇದದ (ಸ್ಪೀಷೀಸ್) ಹೆಸರು ಹೇಳಿದರೆ ಸುಮ್ನೆ ನಂಬಬೇಡಿ, ಏಕೆಂದರೆ ಇ. ಕೋಲಿ ಮತ್ತು ಶಿಗೆಲ್ಲಾದಂಥವನ್ನು ಇದು ಬೇರೆ ಮಾಡಿ ತೋರಿಸುವುದಿಲ್ಲ. ಇನ್ನೊಂದು ತೊಡಕು: ಇ. ಕೋಲಿಯಲ್ಲಿ ಈ ಜೀನ್‌ನ 7 ಪ್ರತಿಗಳಿವೆ, ಕೆಲವು ಬ್ಯಾಕ್ಟೀರಿಯಾಗಳಲ್ಲಿ ಒಂದೇ, ಹಾಗಾಗಿ ಪ್ರಮಾಣವೂ ಏರುಪೇರಾಗುತ್ತದೆ.

ಪೂರ್ತಿ 16ಎಸ್ ಜೀನ್ ಓದಬೇಕೆಂದರೆ ಉದ್ದದ ಡಿಎನ್‌ಎ ತುಣುಕು ಓದುವ ಪ್ಯಾಕ್‌ಬಯೋ ಅಥವಾ ನ್ಯಾನೊಪೋರ್ ಯಂತ್ರಗಳಿವೆ.

ಶಾಟ್‌ಗನ್ ಸ್ಯಾಂಪಲ್‌ನಲ್ಲಿರುವ ಎಲ್ಲ ಡಿಎನ್‌ಎಯನ್ನೂ ಓದುತ್ತದೆ. ಪ್ರಭೇದ, ಆಂಟಿಬಯೋಟಿಕ್‌ಗೆ ಬಗ್ಗದ ಜೀನ್‌ಗಳು, ಎಲ್ಲವೂ ಸಿಗುತ್ತವೆ. ಮಲದ ಸ್ಯಾಂಪಲ್‌ಗೆ ತುಂಬಾ ಒಳ್ಳೆಯದು. ಬಯಾಪ್ಸಿಯಲ್ಲಿ (ಕರುಳಿನಿಂದ ತೆಗೆದ ಅಂಗಾಂಶದ ಚೂರಿನಲ್ಲಿ) ಮಾತ್ರ ಮನುಷ್ಯರ ಡಿಎನ್‌ಎಯೇ ಜಾಸ್ತಿ, ದುಡ್ಡು ಅದಕ್ಕೇ ಹೋಗುತ್ತದೆ.

ಎರಡನ್ನೂ ಹೋಲಿಸುವಾಗ ಒಂದೇ ಟ್ಯೂಬಿನ ಡಿಎನ್‌ಎಯನ್ನು ಎರಡು ಪಾಲು ಮಾಡಿ ಕಳಿಸಿ, ಬೇರೆ ಬೇರೆ ದಿನ ತೆಗೆದದ್ದನ್ನಲ್ಲ. ಡಿಎನ್‌ಎ ತೆಗೆಯುವಾಗ ಸಣ್ಣ ಮಣಿಗಳ ಜೊತೆ ಜೋರಾಗಿ ಕುಲುಕಿಸಿ, ಇಲ್ಲದಿದ್ದರೆ ದಪ್ಪ ಗೋಡೆಯ ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾ ಒಡೆಯದೆ ಲೆಕ್ಕಕ್ಕೇ ಬರುವುದಿಲ್ಲ. ಜೊತೆಗೆ ಹೊರಗಿನ ಕಲಬೆರಕೆ ಹಿಡಿಯಲು ಸ್ಯಾಂಪಲ್ ಹಾಕದ ಒಂದು ಖಾಲಿ ಟ್ಯೂಬ್, ಯಾವುದು ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಒಂದು ಬ್ಯಾಕ್ಟೀರಿಯಾ ಮಿಶ್ರಣ, ಇವೆರಡನ್ನೂ ಎರಡೂ ವಿಧಾನಕ್ಕೆ ಹಾಕಿ. ಯಾವ ವಿಧಾನ ಎಲ್ಲಿ ತಪ್ಪುತ್ತಿದೆ ಅಂತ ಈ ಮಿಶ್ರಣವೇ ತೋರಿಸುತ್ತದೆ.