ಹಸುಗೂಸಿನ ಉಸಿರು ಎಣಿಸುವುದು ಹೇಗೆ?

ಎರಡು ತಿಂಗಳೊಳಗಿನ ಎಳೆಮಗುವಿನ ರಕ್ತಕ್ಕೆ ನಂಜು (ಬ್ಯಾಕ್ಟೀರಿಯಾ ಸೋಂಕು) ಏರಿದರೆ ಮೈ ಸುಡಲೇಬೇಕು ಅಂತೇನಿಲ್ಲ, ತಣ್ಣಗೂ ಆಗಬಹುದು. ಮಗು ಹಾಲು ಬಿಡುತ್ತದೆ, ಮುಟ್ಟಿದರೂ ಮಿಸುಕದೆ ಮಲಗಿರುತ್ತದೆ, ಉಸಿರು ಜೋರಾಗುತ್ತದೆ. ಈ ಉಸಿರು ಎಣಿಸುವಲ್ಲೇ ಬಹಳ ಜನ ಎಡವುವುದು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿಬಿಡುತ್ತಾರೆ!

ಹಸುಗೂಸು ಒಂದೇ ಲಯದಲ್ಲಿ ಉಸಿರಾಡುವುದಿಲ್ಲ. ಐದಾರು ಸೆಕೆಂಡ್ ಸುಮ್ನೆ ಇರುತ್ತದೆ, ಆಮೇಲೆ ಪಟಪಟನೆ ಏಳೆಂಟು ಉಸಿರು ಎಳೆಯುತ್ತದೆ. ನೀವು ಎಣಿಸಿದ್ದು ಆ ಪಟಪಟದಲ್ಲೋ, ಆ ಮೌನದಲ್ಲೋ ಯಾರಿಗೆ ಗೊತ್ತು? ಅದಕ್ಕೇ ಪೂರ್ತಿ ಒಂದು ನಿಮಿಷ ಎಣಿಸಬೇಕು.

ಮೊದಲು ಮಗು ಅಳು ನಿಲ್ಲಿಸಲಿ. ಹಾಲು ಕುಡಿಯುವಾಗ ಬೇಡ. ಅಂಗಿ ಮೇಲೆತ್ತಿ ಹೊಟ್ಟೆ ನೋಡಿ, ಎದೆಗಿಂತ ಅಲ್ಲೇ ಚೆನ್ನಾಗಿ ಕಾಣುತ್ತದೆ. ಒಮ್ಮೆ ಉಬ್ಬಿ ಇಳಿದರೆ ಒಂದು. ಗಡಿಯಾರ ನೋಡುವ ಕೆಲಸ ಇನ್ನೊಬ್ಬರಿಗೆ ಕೊಡಿ. ಅವರು 'ಶುರು', 'ಸಾಕು' ಅಂದರೆ ಸಾಕು. ಒಬ್ಬರೇ ಎರಡೂ ಕಡೆ ಕಣ್ಣು ಹಾಯಿಸಿದರೆ ಲೆಕ್ಕ ತಪ್ಪುವುದು ಖಂಡಿತ. 60 ಅಥವಾ ಜಾಸ್ತಿ ಬಂತಾ? ಇನ್ನೊಮ್ಮೆ ಎಣಿಸಿ. ಮತ್ತೆ ಅಷ್ಟೇ ಬಂದರೆ ಆಸ್ಪತ್ರೆಗೆ ಹೊರಡಿ.

ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಉಸಿರಿಗೊಮ್ಮೆ ನರಳುತ್ತಿದ್ದರೆ, ತುಟಿ ನೀಲಿಯಾದರೆ, ಫಿಟ್ಸ್ ಬಂದರೆ ಎಣಿಸುತ್ತಾ ಕೂರಬೇಡಿ. ಹೊಕ್ಕುಳಲ್ಲಿ ಕೀವಿದ್ದು ಸುತ್ತಲಿನ ಚರ್ಮ ಕೆಂಪಾಗಿದ್ದರೂ ತಡ ಮಾಡಬೇಡಿ.

ಜ್ವರ ನೋಡುವುದು ಸುಲಭ. ಕಂಕುಳು ಒರೆಸಿ, ಡಿಜಿಟಲ್ ಥರ್ಮಾಮೀಟರ್ ಇಟ್ಟು, ಬೀಪ್ ಅನ್ನುವವರೆಗೆ ತೋಳು ಒತ್ತಿ ಹಿಡಿಯಿರಿ. 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ, 35.5ಕ್ಕಿಂತ ಇಳಿದರೂ ಡಾಕ್ಟರ್ ನೋಡಲೇಬೇಕು. ಹಣೆಗೆ ಅಂಟಿಸುವ ಪಟ್ಟಿಗಳಿಗೆ ದುಡ್ಡು ದಂಡ ಮಾಡಬೇಡಿ. ಅಂಗೈ ಇಟ್ಟು ನೋಡಿ 'ಏನಿಲ್ಲ' ಅನ್ನುವುದೂ ಬೇಡ.

ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಸಿರಪ್ ಎರಡು ಹನಿ ಹಾಕಿ ನೋಡೋಣ ಅನ್ನುವವರಿದ್ದಾರೆ. ನನ್ನ ಕೇಳಿದರೆ ಇದರಷ್ಟು ಕೆಟ್ಟ ಅಡ್ಡದಾರಿ ಇನ್ನೊಂದಿಲ್ಲ. ಆಸ್ಪತ್ರೆಯಲ್ಲಿ ಸುಮಾರು 1 ಮಿಲಿಲೀಟರ್ ರಕ್ತ ತೆಗೆದು, ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಬಾಟಲಿಗೆ ಬಿಟ್ಟು, ಕಲ್ಚರ್‌ಗೆ ಹಾಕುತ್ತಾರೆ. ಆ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ತಾನೇ ಅದು ಯಾವುದು, ಯಾವ ಔಷಧಿಗೆ ಬಗ್ಗುತ್ತದೆ ಅಂತ ತಿಳಿಯುವುದು? ನಿಮ್ಮ ಎರಡು ಹನಿ ನಂಜು ಇಳಿಸುವುದಿಲ್ಲ, ಬಾಟಲಿಯಲ್ಲಿ ಬೆಳೆಯಬೇಕಾದದ್ದನ್ನು ಮಾತ್ರ ಅಡಗಿಸಬಹುದು. ಕಲ್ಚರ್ ಸುಳಿವು ಕೊಡಲು ಒಂದೆರಡು ದಿನ ಬೇಕು. ಅಲ್ಲಿಯವರೆಗೆ ಡಾಕ್ಟರ್ ಕಾಯುವುದಿಲ್ಲ, ರಕ್ತ ತೆಗೆದ ಕೂಡಲೇ ಇಂಜೆಕ್ಷನ್ ಶುರು ಮಾಡುತ್ತಾರೆ.

ದಾರಿಯಲ್ಲಿ ಮಗುವಿಗೆ ಟೋಪಿ ಹಾಕಿ, ಬರಿ ಎದೆಗೆ ಅವುಚಿಕೊಳ್ಳಿ. ಚೀಪಿದರೆ ಹಾಲು ಕೊಡಿ, ಚೀಪದಿದ್ದರೆ ಬಾಯಿಗೆ ಸುರಿಯಬೇಡಿ. ಕೊನೆಯ ಸಲ ಎಷ್ಟು ಹೊತ್ತಿಗೆ ಕುಡಿಯಿತು ಅಂತ ಬರೆದಿಟ್ಟುಕೊಳ್ಳಿ, ಡಾಕ್ಟರ್ ಕೇಳುತ್ತಾರೆ.