ಗ್ರಾಮಸಭೆಯಲ್ಲಿ ನಾನು ಯಾರಿಗಾಗಿ ಮಾತಾಡಿದೆ

ನಮ್ಮೂರ ಗ್ರಾಮಸಭೆಗೆ ಬರುವವರಲ್ಲಿ ಮೂರು ಥರದವರಿದ್ದಾರೆ. ಕೆರೆಗೆ ನೀರು ತರುತ್ತಿದ್ದ, ಮುಚ್ಚಿಹೋದ ಕಾಲುವೆಗಳ ಹೂಳು ತೆಗೆಸಲೇಬೇಕು ಅನ್ನುವವರು ಕೆಲವರು. ಕಾಲುವೆ ಜಾಗದಲ್ಲೇ ಟೊಮೆಟೊ ಬೆಳೆಯುತ್ತಿದ್ದವರು ಇನ್ನೂ ಕೆಲವರು. ಉಳಿದವರೆಲ್ಲ ಹಿಂದೆ ಗೋಡೆಗೆ ಒರಗಿ ನಿಲ್ಲುವವರು. ಮನೆಗೋ ರೇಷನ್ ಕಾರ್ಡಿಗೋ ಹೆಸರು ಬರೆಸಲು ಬಂದಿರುತ್ತಾರೆ. ಕೆರೆ ವಿಷಯ ಬಂದರೆ ಮೊಬೈಲ್ ತೆಗೆಯುತ್ತಾರೆ. ಆದರೆ ಕೈ ಎತ್ತುವ ಹೊತ್ತಿಗೆ ಲೆಕ್ಕಕ್ಕೆ ಬರುವವರು ಇವರೇ. 2022ರಲ್ಲಿ ಕಾಲುವೆ ವಿಷಯ ಸಭೆಗೆ ತರುವಾಗ, ನನ್ನ ಮಾತೆಲ್ಲ ಈ ಗೋಡೆ ಪಕ್ಕದವರಿಗೆ ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ.

ನಾನು ಹೈಸ್ಕೂಲ್ ಮೇಷ್ಟ್ರು. ಊರು ಕೋಲಾರ ಜಿಲ್ಲೆ, ಕೆಲಸ ಬೇರೆ ಕಡೆ. ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುವ ನೆಪದಲ್ಲಿ ಅರಿಸ್ಟಾಟಲ್ ಓದಿಕೊಂಡಿದ್ದೆ. ಜನರ ಮುಂದೆ ಆಡುವ ಮಾತನ್ನು ಆತ ಮೂರು ಬಗೆ ಮಾಡುತ್ತಾನೆ. ಕೋರ್ಟಿನ ಮಾತು ಆಗಿಹೋದದ್ದರ ಬಗ್ಗೆ. ಹೊಗಳಿಕೆ ತೆಗಳಿಕೆಯ ಮಾತು ಈಗ ಇರುವುದರ ಬಗ್ಗೆ. ಸಭೆಯ ಮಾತು ಮುಂದೆ ಮಾಡಬೇಕಾದ್ದರ ಬಗ್ಗೆ. ಸುಮಾರು 2,300 ವರ್ಷ ಹಳೆಯದು ಈ ವಿಂಗಡಣೆ. ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ.

ಯಾಕೆಂದರೆ ನಮ್ಮ ಕೆರೆ ಜಗಳ ವರ್ಷಗಟ್ಟಲೆ ಕೋರ್ಟಿನ ಮಾತಾಗಿಯೇ ನಡೆದಿತ್ತು. ಕಾಲುವೆ ಮುಚ್ಚಿದ್ದು ಯಾರು, ಯಾರ ಕಾಲದಲ್ಲಿ, ಆಗ ಯಾರು ಸುಮ್ಮನಿದ್ದರು. ಇದಕ್ಕೆಲ್ಲ ಉತ್ತರ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಗ್ರಾಮಸಭೆ ಯಾರಿಗೂ ಶಿಕ್ಷೆ ಕೊಡಲು ಆಗುವುದಿಲ್ಲ. ಕ್ರಿಯಾ ಯೋಜನೆಗೆ ಒಂದು ಕಾಮಗಾರಿ ಸೇರಿಸಲು ಆಗುತ್ತದೆ. ಹಾಗಾಗಿ ಸಭೆಯಲ್ಲಿ ‘ಒತ್ತುವರಿ’ ಅನ್ನುವ ಮಾತನ್ನೇ ಎತ್ತಬಾರದು ಅಂದುಕೊಂಡೆ. ಮುಂದಿನ ಮಳೆಗಾಲಕ್ಕೆ ಮೊದಲು ಏನು ಮಾಡೋಣ, ಇಷ್ಟೇ ಪ್ರಶ್ನೆ. ಜೊತೆಗಿದ್ದ ಹುಡುಗರಿಗೆ ಇದು ಹಿಡಿಸಲಿಲ್ಲ. ‘ಹೆದರಿಕೊಂಡಿದ್ದೀರಾ ಮೇಷ್ಟ್ರೇ’ ಅಂತ ನೇರವಾಗಿಯೇ ಕೇಳಿದರು. ಅವರ ಸಿಟ್ಟು ಸರಿಯಾದದ್ದೇ. ಆದರೆ ಆ ಸಿಟ್ಟಿಗೆ ಕೈ ಎತ್ತುವವರು ನಾವು ನಾವೇ, ಅಲ್ವಾ?

ಆಮೇಲೆ ನೋಡಿದ್ದು, ಜಗಳ ನಿಜವಾಗಿ ನಿಂತಿರುವುದು ಎಲ್ಲಿ ಅಂತ. ಹಳೆಯ ಗ್ರೀಕ್, ರೋಮನ್ ಗುರುಗಳು ವಾದ ಮಾಡುವವರಿಗೆ ಮೊದಲು ಕಲಿಸುತ್ತಿದ್ದ ಪಾಠಗಳಲ್ಲಿ ಇದೂ ಒಂದು. ವಿಷಯ ಇದೆಯೋ ಇಲ್ಲವೋ ಅಂತ ಜಗಳವೋ, ಇದ್ದರೆ ಅದು ಏನು ಅಂತಲೋ, ಸರಿಯೋ ತಪ್ಪೋ ಅಂತಲೋ, ತೀರ್ಮಾನ ಮಾಡಬೇಕಾದವರು ಯಾರು ಅಂತಲೋ. ರಜೆಯಲ್ಲಿ ಊರಿಗೆ ಹೋದಾಗ ಬೆಳಗ್ಗೆ ಡೈರಿಗೆ ಹಾಲು ಹಾಕುವ ಹೊತ್ತಿಗೆ ಹೋಗಿ ನಿಲ್ಲುತ್ತಿದ್ದೆ. ಬರೀ ಕೇಳುವುದು. ಕೆರೆ ಬತ್ತಿದೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಕೆರೆ ಬೇಡ ಅನ್ನುವವರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು: ‘ಮಳೆನೇ ಇಲ್ಲ ಮೇಷ್ಟ್ರೇ, ಕಾಲುವೆ ತೆಗೆದು ಏನ್ ಮಾಡ್ತೀರ?’ ಅಂದರೆ ಜಗಳ ಕಾರಣದ ಮೇಲೆ ನಿಂತಿತ್ತು. ಇವರ ಮುಂದೆ ‘ಕೆರೆ ಊರಿನ ಜೀವಾಳ’ ಅಂತ ಭಾಷಣ ಮಾಡಿದರೆ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ.

ಕಾರಣಕ್ಕೆ ಉತ್ತರ ಅವರ ಕಣ್ಣ ಮುಂದೆಯೇ ಇತ್ತು. 2021ರ ನವೆಂಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ಭಾರಿ ಮಳೆ ಆಯಿತು. ಎಷ್ಟೋ ಕೆರೆಗಳು ಕೋಡಿ ಹರಿದವು. ನಮ್ಮ ಪಕ್ಕದೂರಿನದೂ ಹರಿಯಿತು. ನಮ್ಮದು ಅರ್ಧವೂ ತುಂಬಲಿಲ್ಲ. ಸಭೆಯಲ್ಲಿ ನಾನು ಇದನ್ನು ವಿವರಿಸಲಿಲ್ಲ. ‘ಅದೇ ಮಳೆ, ಅವರ ಕೆರೆ ಕೋಡಿ ಹೋಯ್ತು. ನಮ್ಮದು ಯಾಕೆ ಹೋಗ್ಲಿಲ್ಲ?’ ಅಂತ ಕೇಳಿ ಸುಮ್ಮನೆ ನಿಂತೆ. ಹಿಂದಿನಿಂದ ಒಬ್ಬರು ಕೂಗಿದರು: ‘ನೀರು ಬರೋಕೆ ದಾರಿ ಎಲ್ಲೈತೆ?’ ನಾನು ಹೇಳಬೇಕಾದ ವಾಕ್ಯ ಅದೇ. ಕೇಳುವವರಿಗೆ ಗೊತ್ತಿರುವ ಮೆಟ್ಟಿಲನ್ನು ನೀನು ಹೇಳಬೇಡ, ಅವರೇ ತುಂಬಿಕೊಳ್ಳುತ್ತಾರೆ ಅಂತ ಅರಿಸ್ಟಾಟಲ್ ಹೇಳುವುದು ಇದನ್ನೇ. ತಾನೇ ಆಡಿದ ಮಾತಿಗೆ ಯಾರೂ ಎದುರು ವಾದ ಹೂಡುವುದಿಲ್ಲ.

ಲೆಕ್ಕ ಒಂದೇ ಒಂದು ಕೊಟ್ಟೆ. ಒಂದು ಎಕರೆ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು. 5,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ 8 ಟ್ಯಾಂಕರ್. ಜಿಲ್ಲೆಯ ಸರಾಸರಿ ಮಳೆ, ಘನ ಮೀಟರು ಇವನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡಿದ್ದೆ, ಜೇಬಿನಿಂದ ತೆಗೆಯಲಿಲ್ಲ. ಟ್ಯಾಂಕರ್ ಅಂದ ತಕ್ಷಣ ಸ್ತ್ರೀಶಕ್ತಿ ಸಂಘದ ಹೆಂಗಸರು ತಮ್ಮ ತಮ್ಮಲ್ಲೇ ಮಾತಾಡಲು ಶುರು ಮಾಡಿದರು. ಟ್ಯಾಂಕರಿಗೆ ದುಡ್ಡು ಕೊಡುವವರು ಅವರೇ ತಾನೆ. ಬಿದ್ದ ಮಳೆಯೆಲ್ಲ ಕೆರೆಗೆ ಬರುವುದಿಲ್ಲ, ಮಣ್ಣು ಒಂದಷ್ಟು ಕುಡಿಯುತ್ತದೆ ಅಂತಲೂ ನಾನೇ ಹೇಳಿದೆ. ಅದನ್ನು ಬೇರೆಯವರು ಎದ್ದು ಹೇಳಿದ್ದರೆ ಇಡೀ ಲೆಕ್ಕ ಬಿದ್ದುಹೋಗುತ್ತಿತ್ತು.

ಇದೇ ಕಾರಣಕ್ಕೆ ಬೋರ್‌ವೆಲ್ ವಿಷಯದಲ್ಲಿ ಬಾಯಿ ಬಿಗಿ ಹಿಡಿದೆ. ಕೆರೆ ತುಂಬಿದರೆ ಎಲ್ಲರ ಬೋರಿನಲ್ಲೂ ನೀರು ಬರುತ್ತದೆ ಅಂದುಬಿಟ್ಟರೆ ಕೈಗಳು ಪಟಪಟ ಏಳುತ್ತವೆ. ಆದರೆ ನಮ್ಮ ಕಡೆ ಬೋರುಗಳು ಸಾವಿರ ಅಡಿ ದಾಟಿವೆ. ಅಷ್ಟು ಆಳಕ್ಕೆ ನೀರು ಯಾವಾಗ ಇಳಿಯುತ್ತದೆ, ಎಷ್ಟು ಇಳಿಯುತ್ತದೆ ಅಂತ ಮಾತು ಕೊಡುವಂತಿಲ್ಲ. ದನಕ್ಕೆ ನೀರು, ಹತ್ತಿರದ ತೆರೆದ ಬಾವಿಗಳಿಗೆ ಅನುಕೂಲ, ಇಷ್ಟಕ್ಕೆ ನಿಲ್ಲಿಸಿದೆ.

ನನ್ನ ದೊಡ್ಡ ತೊಡಕು ನಾನೇ. ಊರು ಬಿಟ್ಟು ಹೋದವನು, ಸಂಬಳದವನು, ಇವನಿಗೇನು ಗೊತ್ತು ಅನ್ನುವ ಮಾತು ಇದ್ದೇ ಇರುತ್ತದೆ. ಎಷ್ಟು ಚೆನ್ನಾಗಿ ಮಾತಾಡಿದರೂ ಅದು ಹೋಗುವುದಿಲ್ಲ. ಚೆನ್ನಾಗಿ ಮಾತಾಡಿದಷ್ಟೂ ಅನುಮಾನ ಜಾಸ್ತಿಯೇ ಆಗಬಹುದು. ಅದಕ್ಕೆ ಕಾಲುವೆ ಎಲ್ಲಿತ್ತು ಅನ್ನುವ ಭಾಗವನ್ನು ನಾನು ಮುಟ್ಟಲೇ ಇಲ್ಲ. ಅಪ್ಪನ ಕಾಲದಲ್ಲಿ ನೀರುಗಂಟಿ ಕೆಲಸ ಮಾಡಿದ ಮನೆಯ ಹಿರಿಯರೊಬ್ಬರಿದ್ದಾರೆ. ತೂಬು ಎತ್ತುವುದನ್ನು, ಗದ್ದೆ ಗದ್ದೆಗೆ ನೀರು ಬಿಡುವುದನ್ನು ಹುಡುಗನಾಗಿ ಕಂಡವರು. ಅವರು ಎದ್ದು ಯಾವ ಹುಣಸೆಮರದ ಪಕ್ಕ ಕಾಲುವೆ ತಿರುಗುತ್ತಿತ್ತು ಅಂತ ಹೇಳಿದರು. ಜೊತೆಗೆ ಗ್ರಾಮ ನಕ್ಷೆಯ ಪ್ರತಿಯನ್ನು ಮೇಜಿನ ಮೇಲೆ ಹರಡಿದ್ದೆವು. ಜನ ನಕ್ಷೆ ನೋಡಿದ್ದು ಕಡಿಮೆ. ಹಿರಿಯರನ್ನು ಕೇಳಿದ್ದು ಜಾಸ್ತಿ.

ಭಾವನೆಗೆ ಎಷ್ಟು ಜಾಗ ಕೊಡಬೇಕು ಅಂತ ತುಂಬಾ ಯೋಚಿಸಿದ್ದೆ. ‘ಮುಂದಿನ ಪೀಳಿಗೆ ನಮ್ಮನ್ನು ಕ್ಷಮಿಸಲ್ಲ’ ಥರದ್ದು ಬೇಡವೇ ಬೇಡ, ಅದನ್ನು ಕೇಳಿ ಕೇಳಿ ಜನಕ್ಕೆ ಸಾಕಾಗಿದೆ. ಪಕ್ಕದೂರಿನವರು ಕೆರೆ ತುಂಬಿದಾಗ ಗಂಗಮ್ಮನಿಗೆ ಬಾಗಿನ ಬಿಟ್ಟದ್ದನ್ನು ಮಾತ್ರ ನೆನಪಿಸಿದೆ. ನಮ್ಮೂರ ಅರ್ಧ ಜನ ಅಲ್ಲಿಗೆ ಹೋಗಿ ಊಟ ಮಾಡಿ ಬಂದಿದ್ದರು. ಹೊಟ್ಟೆಕಿಚ್ಚು ಬೇರೆ, ‘ನಾವೂ ಅವರ ಹಾಗೆ ಆಗಬೇಕು’ ಅನ್ನುವ ಪೈಪೋಟಿ ಬೇರೆ. ಎರಡನೆಯದು ಒಳ್ಳೆಯವರ ಗುಣ ಅನ್ನುತ್ತಾನೆ ಅರಿಸ್ಟಾಟಲ್. ನಮ್ಮ ಸೀಮೆಯಲ್ಲಿ ಅದಕ್ಕೇನೂ ಬರವಿಲ್ಲ.

ಕಾಲುವೆ ಜಾಗದಲ್ಲಿ ಬೆಳೆ ಇಟ್ಟವರ ಹತ್ತಿರ ಸಭೆಗೆ ಮೊದಲೇ, ಅವರವರ ಮನೆಯಲ್ಲೇ ಮಾತಾಡಿದ್ದೆ. ನಾಲ್ಕು ಜನರ ಎದುರು ಮಾನ ಹೋಗುತ್ತದೆ ಅಂದರೆ ಯಾವ ನಕ್ಷೆ ತೋರಿಸಿದರೂ ಪ್ರಯೋಜನ ಇಲ್ಲ. ಒಬ್ಬರ ಭಯ ಬಹಳ ಸರಳ. ‘ಜೆಸಿಬಿ ತಂದು ನಿಂತ ಬೆಳೆ ಮೇಲೆ ಹತ್ತಿಸ್ತೀರ?’ ನರೇಗಾದಲ್ಲಿ ಜೆಸಿಬಿಗೆ ಜಾಗ ಇರಲಿಲ್ಲ, ಜಾಬ್ ಕಾರ್ಡ್ ಇದ್ದವರೇ ಹೂಳು ತೆಗೆಯಬೇಕಿತ್ತು. ಕಟಾವು ಆದ ಮೇಲೆ ಕೆಲಸ ಶುರು ಅಂತ ನಿರ್ಣಯದಲ್ಲೇ ಬರೆಸೋಣ ಅಂದೆ. ಅವರು ಒಪ್ಪಿದರು ಅನ್ನಲಾರೆ. ಸಭೆಯಲ್ಲಿ ಎದ್ದು ವಿರೋಧಿಸಲಿಲ್ಲ, ಅಷ್ಟು ಸಾಕಿತ್ತು. ಹೂಳು ತೆಗೆಯುವ ಕೂಲಿ ಆ ವರ್ಷ ದಿನಕ್ಕೆ 309 ರೂಪಾಯಿ ಇತ್ತು. ಗೋಡೆ ಪಕ್ಕದವರಲ್ಲಿ ಜಾಬ್ ಕಾರ್ಡ್ ಇದ್ದವರು ಬಹಳ. ಆ ಮಾತು ಬಂದಾಗ ಮೊಬೈಲ್‌ಗಳು ಜೇಬಿಗೆ ಹೋದವು.

ಇಡೀ ಮಾತು ಐದಾರು ನಿಮಿಷ. ಕೊನೆಗೆ ಮುಕ್ತಾಯದ ಮಾತು ಅಂತ ಏನೂ ಆಡಲಿಲ್ಲ. ನಿರ್ಣಯದ ವಾಕ್ಯವನ್ನೇ ಓದಿ, ಬರೆದಿಟ್ಟ ಹಾಳೆಯನ್ನು ಪಿಡಿಒ ಕೈಗೆ ಕೊಟ್ಟೆ. ಕೈ ಎತ್ತಿಸಿದ ಮೇಲೆ ‘ನಿರ್ಣಯ ಹೇಗೆ ಬರೆಯೋಣ’ ಅಂತ ಕೂತರೆ ಅಲ್ಲಿ ಅರ್ಧ ಸೋರಿಹೋಗುತ್ತದೆ.

ನಿರ್ಣಯ ಆಯಿತು. ಎರಡು ಕಾಲುವೆಗಳಲ್ಲಿ ಒಂದರ ಹೂಳು ತೆಗೆದರು. ಇನ್ನೊಂದು ಅಳತೆ ತಕರಾರಿನಲ್ಲಿ ನಿಂತಿದೆ. ಅಲ್ಲಿ ಒಪ್ಪಿಸಬೇಕಾಗಿರುವುದು ತಹಶೀಲ್ದಾರ್ ಕಚೇರಿಯನ್ನು. ಆ ಅರ್ಜಿಯಲ್ಲಿ ಬಾಗಿನ ಇಲ್ಲ, ಟ್ಯಾಂಕರ್ ಇಲ್ಲ. ಮೊದಲ ಸಾಲಿನಲ್ಲೇ ಸರ್ವೆ ನಂಬರ್, ಬಿ ಖರಾಬು (ಸಾರ್ವಜನಿಕ ಬಳಕೆಗೆ ಅಂತ ಬಿಟ್ಟ, ಸಾಗುವಳಿಗೆ ಸೇರದ ಜಾಗ) ಎಷ್ಟು ಗುಂಟೆ, ಬೇಕಾಗಿರುವುದು ಅಳತೆ ಮಾಡಿಸಿ ಗಡಿ ಕಲ್ಲು ನೆಡಿಸುವುದು ಅಂತ ಬರೆದಿದ್ದೇವೆ. ಗ್ರಾಮಸಭೆಯ ನಿರ್ಣಯದ ನಕಲನ್ನೂ ಲಗತ್ತಿಸಿದ್ದೇವೆ.